ಮಹಿಳೆಯರ ಮೆರವಣಿಗೆಯಲ್ಲಿ ಕಾರ್ಮಿಕ ಸಂಘದ ಬಾವುಟ ಏಕೆ?

ಮಾರ್ಚ್ ತಿಂಗಳ ಮೊದಲ ವಾರ ಬಂತೆಂದರೆ ರಾಜ್ಯದ ನಗರಗಳಲ್ಲಿ ಮಹಿಳಾ ದಿನಾಚರಣೆಯ ಎರಡು ಮುಖಗಳು ಕಾಣಸಿಗುತ್ತವೆ. ಮೊದಲನೆಯದು ಸಭಾಂಗಣದ್ದು. ಕಚೇರಿ, ಬ್ಯಾಂಕು, ಕಾಲೇಜುಗಳಲ್ಲಿ ರಂಗೋಲಿ ಸ್ಪರ್ಧೆ, ಸಾಧಕಿಯರಿಗೆ ಶಾಲು-ಹಾರದ ಸನ್ಮಾನ, ಬಂದವರಿಗೆಲ್ಲ ಗುಲಾಬಿ ಹೂವು. ಎರಡನೆಯದು ಬೀದಿಯದ್ದು. ಅಲ್ಲಿ ತಮಟೆಯ ಸದ್ದು, ಕೈಬರಹದ ಫಲಕಗಳು, ಕಾರ್ಮಿಕ ಸಂಘಗಳ ಕೆಂಬಾವುಟ, ದಲಿತ ಸಂಘಟನೆಗಳ ನೀಲಿ ಬಾವುಟ, ಕೊಳೆಗೇರಿ ನಿವಾಸಿಗಳ ಸಮಿತಿಗಳ ಬ್ಯಾನರು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆಯುವ ಗಾರ್ಮೆಂಟ್ಸ್ ಕಾರ್ಮಿಕರು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು, ಪೌರಕಾರ್ಮಿಕರು, ಮನೆಗೆಲಸದವರು, ಅವರ ನಡುವೆ ವಕೀಲೆಯರು, ವಿದ್ಯಾರ್ಥಿನಿಯರು.

ಸಂಚಾರ ದಟ್ಟಣೆಯಲ್ಲಿ ಸಿಲುಕಿ ಈ ಎರಡನೆಯ ಮುಖವನ್ನು ನೋಡುವ ನಗರವಾಸಿಗೆ ಸಹಜವಾಗಿಯೇ ಒಂದು ಪ್ರಶ್ನೆ ಮೂಡುತ್ತದೆ. ಮಹಿಳೆಯರ ಹಕ್ಕಿನ ಮೆರವಣಿಗೆಯಲ್ಲಿ ಕನಿಷ್ಠ ವೇತನದ ಘೋಷಣೆಗೆ ಏನು ಕೆಲಸ? ಅತ್ಯಾಚಾರ, ವರದಕ್ಷಿಣೆ ಸಾವುಗಳ ವಿರುದ್ಧದ ದನಿಯ ಜತೆಗೆ ಭವಿಷ್ಯನಿಧಿ, ಬೀದಿನಲ್ಲಿ, ಪಡಿತರದ ಬೇಡಿಕೆಗಳು ಬೆರೆತರೆ ಮುಖ್ಯ ವಿಷಯ ಮಸುಕಾಗುವುದಿಲ್ಲವೇ?

ಈ ಪ್ರಶ್ನೆಗೆ ಉತ್ತರ ಮಹಿಳಾ ದಿನದ ಚರಿತ್ರೆಯಲ್ಲಿಯೂ ಕರ್ನಾಟಕದ ಕಳೆದ ಕೆಲವು ದಶಕಗಳ ಅನುಭವದಲ್ಲಿಯೂ ದೊರೆಯುತ್ತದೆ. ದುಡಿಯುವ ಹೆಣ್ಣಿನ ಕಷ್ಟ ಮನೆ, ಕೆಲಸದ ಜಾಗ, ಬೀದಿ ಈ ಮೂರರಲ್ಲಿಯೂ ಹರಡಿಕೊಂಡಿದೆ. ಒಂದೇ ಬಗೆಯ ಸಂಘಟನೆ ಈ ಮೂರು ಕಡೆಗೂ ಕೈಚಾಚಲಾರದು. ಆದುದರಿಂದಲೇ ಮಹಿಳಾ ಸಂಘಟನೆ, ಕಾರ್ಮಿಕ ಸಂಘ, ಬಡಾವಣೆಯ ಸಮುದಾಯ ಸಂಘಟನೆ ಒಟ್ಟಿಗೆ ಹೆಜ್ಜೆ ಹಾಕುತ್ತವೆ. ಈ ಮೂರರಲ್ಲಿ ಒಂದು ಕೈಬಿಟ್ಟು ಹೋದಾಗಲೆಲ್ಲ ದೊರೆತ ಜಯವೂ ಅರ್ಧಕ್ಕೇ ನಿಂತಿದೆ.

ಹೊಲಿಗೆ ಯಂತ್ರದಿಂದ ಬೀದಿಗೆ

ಮಹಿಳಾ ದಿನದ ಮೂಲ ಇರುವುದೇ ಬಟ್ಟೆ ಹೊಲಿಯುವ ಕಾರ್ಖಾನೆಗಳಲ್ಲಿ. 1909ರ ನವೆಂಬರಿನಲ್ಲಿ ನ್ಯೂಯಾರ್ಕ್ ನಗರದಲ್ಲಿ ಹೆಂಗಸರ ಮೇಲಂಗಿ ಹೊಲಿಯುವ ಸುಮಾರು 20 ಸಾವಿರ ಕಾರ್ಮಿಕರು ಮುಷ್ಕರ ಹೂಡಿದರು. ಅವರಲ್ಲಿ ಬಹುಪಾಲು ಯುರೋಪಿನಿಂದ ವಲಸೆ ಬಂದಿದ್ದ ಯಹೂದಿ ಮತ್ತು ಇಟಾಲಿಯನ್ ಯುವತಿಯರು. ಹಿರಿಯ ಮುಖಂಡರು ದೀರ್ಘ ಭಾಷಣ ಮಾಡುತ್ತಿದ್ದ ಸಭೆಯಲ್ಲಿ ಎದ್ದು ನಿಂತು, ಮಾತು ಸಾಕು, ಮುಷ್ಕರ ನಡೆಯಲಿ ಎಂಬ ಆಶಯದ ಠರಾವು ಮಂಡಿಸಿದವಳು ಕ್ಲಾರಾ ಲೆಮ್ಲಿಕ್ ಎಂಬ ಕಾರ್ಮಿಕ ಯುವತಿ.

ಆ ಮುಷ್ಕರಕ್ಕೆ ಬೆಂಬಲವಾಗಿ ನಿಂತವರಲ್ಲಿ ನಗರದ ಸಿರಿವಂತ ಮನೆತನಗಳ ಹೆಂಗಸರೂ ಇದ್ದರು. 1903ರಲ್ಲಿ ಸ್ಥಾಪನೆಯಾಗಿದ್ದ ಮಹಿಳಾ ಕಾರ್ಮಿಕ ಸಂಘಗಳ ಒಕ್ಕೂಟದ ಮೂಲಕ ಅವರು ಕಾರ್ಖಾನೆಯ ಬಾಗಿಲಲ್ಲಿ ಕಾರ್ಮಿಕರ ಜತೆ ನಿಂತರು. ಬಡ ಹುಡುಗಿಯರ ಮೇಲೆ ಲಾಠಿ ಬೀಸಲು ಹಿಂಜರಿಯದ ಪೊಲೀಸರು ಈ ಹೆಂಗಸರ ಎದುರಿನಲ್ಲಿ ಕೈ ತಡೆದರು. ಬಂಧಿತರಾದವರಿಗೆ ಜಾಮೀನಿನ ಹಣ ಕಟ್ಟಿದ್ದು, ಪತ್ರಿಕೆಗಳ ಗಮನ ಸೆಳೆದದ್ದು ಕೂಡ ಈ ಬೆಂಬಲವೇ. ಹೊರಗಿನಿಂದ ಬಂದು ಮೆರವಣಿಗೆಗೆ ಸೇರುವವರು ಏನು ಮಾಡಬಲ್ಲರು ಎಂಬುದಕ್ಕೆ ಇದು ಇಂದಿಗೂ ಒಳ್ಳೆಯ ನಿದರ್ಶನ.

1910ರ ಫೆಬ್ರುವರಿಯಲ್ಲಿ ಮುಷ್ಕರ ಮುಗಿಯುವ ಹೊತ್ತಿಗೆ ಅನೇಕ ಕಾರ್ಖಾನೆಗಳು ಸಂಘದೊಡನೆ ಒಪ್ಪಂದಕ್ಕೆ ಬಂದಿದ್ದವು. ಒಪ್ಪದೆ ಉಳಿದ ಕಾರ್ಖಾನೆಗಳಲ್ಲಿ ಟ್ರಯಾಂಗಲ್ ಎಂಬುದೂ ಒಂದು. ಅದೇ ವರ್ಷದ ಆಗಸ್ಟ್‌ನಲ್ಲಿ ಕೋಪನ್‌ಹೇಗನ್ ನಗರದಲ್ಲಿ ಸೇರಿದ ಸಮಾಜವಾದಿ ಮಹಿಳೆಯರ ಸಮ್ಮೇಳನದಲ್ಲಿ ಜರ್ಮನಿಯ ಕ್ಲಾರಾ ಜೆಟ್ಕಿನ್ ಮತ್ತು ಸಂಗಾತಿಯರು ವರ್ಷಕ್ಕೊಂದು ಮಹಿಳಾ ದಿನ ಆಚರಿಸುವ ಸೂಚನೆ ಮುಂದಿಟ್ಟರು. 1911ರ ಮಾರ್ಚ್ 19ರಂದು ಯುರೋಪಿನ ನಾಲ್ಕು ದೇಶಗಳಲ್ಲಿ ಮೊದಲ ಅಂತರರಾಷ್ಟ್ರೀಯ ಮಹಿಳಾ ದಿನ ನಡೆಯಿತು. ಆರು ದಿನಗಳ ನಂತರ, ಮಾರ್ಚ್ 25ರಂದು, ಅದೇ ಟ್ರಯಾಂಗಲ್ ಕಾರ್ಖಾನೆಗೆ ಬೆಂಕಿ ಬಿದ್ದು 146 ಮಂದಿ ಪ್ರಾಣ ಕಳೆದುಕೊಂಡರು. ಹೊರಹೋಗುವ ಒಂದು ಬಾಗಿಲಿಗೆ ಬೀಗ ಹಾಕಲಾಗಿತ್ತು.

ಆ ದುರಂತದ ಬಳಿಕ ನಡೆದ ಶೋಕ ಮೆರವಣಿಗೆಯಲ್ಲಿ ಲಕ್ಷಕ್ಕೂ ಹೆಚ್ಚು ಜನ ಮಳೆಯಲ್ಲಿ ನಡೆದರು. ಕಾರ್ಖಾನೆಗಳ ಸ್ಥಿತಿಗತಿಯ ವಿಚಾರಣೆಗೆ ನ್ಯೂಯಾರ್ಕ್ ರಾಜ್ಯ ಆಯೋಗ ನೇಮಿಸಿತು. ಬೆಂಕಿ ಸುರಕ್ಷತೆ, ಕೆಲಸದ ಅವಧಿ ಕುರಿತ ಹತ್ತಾರು ಕಾನೂನುಗಳು ಬಂದವು. ಆ ಬೆಂಕಿಯನ್ನು ಕಣ್ಣಾರೆ ಕಂಡಿದ್ದ ಫ್ರಾನ್ಸಿಸ್ ಪರ್ಕಿನ್ಸ್ 1933ರಲ್ಲಿ ಅಮೆರಿಕದ ಕಾರ್ಮಿಕ ಖಾತೆಯ ಹೊಣೆ ಹೊತ್ತರು.

ಮಾರ್ಚ್ 8 ಎಂಬ ದಿನಾಂಕ ಗಟ್ಟಿಯಾದದ್ದು 1917ರಲ್ಲಿ. ಅಂದು ರಷ್ಯದ ಪೆಟ್ರೋಗ್ರಾಡ್ ನಗರದ ಬಟ್ಟೆ ಗಿರಣಿಗಳ ಹೆಂಗಸರು ರೊಟ್ಟಿ ಬೇಕೆಂದು ಬೀದಿಗಿಳಿದರು. ವಾರದೊಳಗೆ ಜಾರ್ ದೊರೆ ಸಿಂಹಾಸನ ತ್ಯಜಿಸಬೇಕಾಯಿತು. ವಿಶ್ವಸಂಸ್ಥೆ ಮಹಿಳಾ ದಿನವನ್ನು ಕೈಗೆತ್ತಿಕೊಂಡದ್ದು 1975ರ ಅಂತರರಾಷ್ಟ್ರೀಯ ಮಹಿಳಾ ವರ್ಷದಲ್ಲಿ. ಸಾಮಾನ್ಯ ಸಭೆಯ ನಿರ್ಣಯ ಬಂದದ್ದು 1977ರಲ್ಲಿ. ಗುಲಾಬಿ ಹೂವು, ಶುಭಾಶಯ ಪತ್ರಗಳು ಬಂದದ್ದು ಆಮೇಲೆ. ಕಾರ್ಮಿಕ ಸಂಘದ ಬಾವುಟ ಈ ಮೆರವಣಿಗೆಗೆ ಹೊರಗಿನ ಅತಿಥಿಯೇನೂ ಆಗಿರಲಿಲ್ಲ ಎಂಬುದು ಇದರಿಂದ ಸ್ಪಷ್ಟ.

ಯಾರು ಏನನ್ನು ತರುತ್ತಾರೆ?

ಮೆರವಣಿಗೆಯಲ್ಲಿ ಸೇರುವ ಮೂರು ಬಗೆಯ ಸಂಘಟನೆಗಳ ಸ್ವಭಾವ, ಸಾಮರ್ಥ್ಯ ಬೇರೆ ಬೇರೆ. ಮಹಿಳಾ ಸಂಘಟನೆಗಳು ಪ್ರಶ್ನೆಗೆ ಹೆಸರು ಕೊಡುತ್ತವೆ. ಮನೆಯೊಳಗಿನ ಹೊಡೆತವನ್ನು ಸಂಸಾರದ ಗುಟ್ಟೆಂದೂ ಕೆಲಸದ ಜಾಗದ ಕಿರುಕುಳವನ್ನು ಹುಡುಗಾಟವೆಂದೂ ತಳ್ಳಿಹಾಕುತ್ತಿದ್ದ ಕಾಲದಲ್ಲಿ ಅವುಗಳನ್ನು ಅಪರಾಧವೆಂದು ಕರೆದವರು ಇವರು. ಕಾನೂನಿನ ತಿಳಿವಳಿಕೆ, ನ್ಯಾಯಾಲಯದ ಹಾದಿ, ಸಂತ್ರಸ್ತೆಗೆ ಆಸರೆ ಇವರ ಬಲ.

ಕಾರ್ಮಿಕ ಸಂಘಗಳು ಸಂಖ್ಯೆಯನ್ನೂ ಚೌಕಾಸಿಯ ಶಕ್ತಿಯನ್ನೂ ತರುತ್ತವೆ. ಒಬ್ಬ ಮಹಿಳೆ ಮೇಲಧಿಕಾರಿಯ ಮುಂದೆ ಹೇಳಲಾರದ ಮಾತನ್ನು ಸಂಘ ಲಿಖಿತವಾಗಿ ಮಂಡಿಸಬಲ್ಲದು. ಆಡಳಿತ ಮಂಡಳಿಯನ್ನೂ ಕಾರ್ಮಿಕ ಇಲಾಖೆಯನ್ನೂ ಒಂದೇ ಮೇಜಿನ ಎದುರು ಕೂರಿಸಬಲ್ಲದು, ಒಪ್ಪಂದಕ್ಕೆ ಸಹಿ ಹಾಕಿಸಬಲ್ಲದು. ಮೆರವಣಿಗೆ ಮುಗಿದ ಮರುದಿನವೂ ಸಂಘದ ಸದಸ್ಯೆ ಅದೇ ಕಾರ್ಖಾನೆಗೆ ಹೋಗುತ್ತಾಳೆ. ಕೊಟ್ಟ ಮಾತು ಜಾರಿಯಾಯಿತೇ ಇಲ್ಲವೇ ಎಂದು ದಿನವೂ ನೋಡುವ ಕಣ್ಣು ಅವಳದು.

ಮೂರನೆಯದು ಸಮುದಾಯ ಸಂಘಟನೆಗಳು. ಕೊಳೆಗೇರಿ ಸಮಿತಿ, ದಲಿತ ಸಂಘಟನೆ, ಸ್ವಸಹಾಯ ಗುಂಪು, ಲಿಂಗತ್ವ ಅಲ್ಪಸಂಖ್ಯಾತರ ಸಂಘ, ಅಂಗವಿಕಲರ ವೇದಿಕೆ ಮೊದಲಾದವು ಇದರಲ್ಲಿ ಸೇರುತ್ತವೆ. ಕಾರ್ಖಾನೆಯ ಗೇಟಿನ ಹೊರಗಿನ ಬದುಕು ಇವರಿಗೆ ಗೊತ್ತು. ಯಾವ ಬೀದಿಯಲ್ಲಿ ದೀಪವಿಲ್ಲ, ಯಾವ ಬಡಾವಣೆಗೆ ಸಂಜೆ ಏಳರ ನಂತರ ಬಸ್ಸಿಲ್ಲ, ನೀರು ಬರುವ ಹೊತ್ತಿಗೂ ಪಾಳಿಯ ಹೊತ್ತಿಗೂ ಎಲ್ಲಿ ಘರ್ಷಣೆ, ಯಾವ ಮನೆಯಲ್ಲಿ ಸಂಬಳ ಸಾರಾಯಿಯ ಪಾಲಾಗುತ್ತಿದೆ ಎಂಬುದೆಲ್ಲ ಯಾವ ಸಂಘದ ಕಡತದಲ್ಲಿಯೂ ಇರುವುದಿಲ್ಲ.

ಈ ಮೂರೂ ಒಂದರೊಳಗೊಂದು ಹೇಗೆ ಹೆಣೆದುಕೊಂಡಿವೆ ಎಂಬುದಕ್ಕೆ ರಾಜಸ್ಥಾನದ ಭಂವರಿದೇವಿಯವರ ಪ್ರಕರಣವೇ ಸಾಕ್ಷಿ. ಅವರು ರಾಜ್ಯ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ 'ಸಾಥಿನ್' ಆಗಿ ದುಡಿಯುತ್ತಿದ್ದವರು. ಬಾಲ್ಯವಿವಾಹವೊಂದನ್ನು ತಡೆಯಲು ಹೋದದ್ದಕ್ಕಾಗಿ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಹಲ್ಲೆಗೆ ಕಾರಣ ಅವರ ಕೆಲಸ, ನಡೆದ ಜಾಗ ಅವರ ಊರು, ಅದರ ಹಿಂದಿದ್ದುದು ಜಾತಿಯ ದರ್ಪ. 1995ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಮುಕ್ತಗೊಳಿಸಿತು. ಮಹಿಳಾ ಸಂಘಟನೆಗಳು ಪಟ್ಟು ಬಿಡದೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದರ ಫಲವಾಗಿ 1997ರ ಆಗಸ್ಟ್‌ನಲ್ಲಿ 'ವಿಶಾಖಾ' ಮಾರ್ಗಸೂಚಿ ಬಂತು. ಅದು ಕಾಯಿದೆಯಾಗಲು 2013ರವರೆಗೆ ಕಾಯಬೇಕಾಯಿತು.

ಆ ಕಾಯಿದೆಯ ಪ್ರಕಾರ 10 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಪ್ರತಿ ಸ್ಥಳದಲ್ಲಿ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಚಿಕ್ಕ ಸ್ಥಳಗಳವರು ಮತ್ತು ಮನೆಗೆಲಸದವರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಕಾನೂನು ತಂದವರು ಮಹಿಳಾ ಸಂಘಟನೆಗಳವರು. ಆದರೆ ಹೊಲಿಗೆ ಕಾರ್ಖಾನೆಯ ಸಮಿತಿಯಲ್ಲಿ ಸೂಪರ್‌ವೈಸರನ ಕಡೆಯವರೇ ತುಂಬಿದ್ದಾರೆಯೇ ಎಂದು ಕೇಳಲು ಒಳಗೊಂದು ಸಂಘ ಬೇಕು. ಜಿಲ್ಲಾ ಸಮಿತಿಯ ವಿಳಾಸ ಮನೆಗೆಲಸದಾಕೆಗೆ ತಿಳಿಯಲು ಅವಳ ಬೀದಿಯಲ್ಲೊಂದು ಗುಂಪು ಬೇಕು.

ಕರ್ನಾಟಕ ಕಂಡ ಮೂರು ಹೋರಾಟಗಳು

ಒಂದು ಕೊಂಡಿ ತಪ್ಪಿದರೆ ಏನಾಗುತ್ತದೆ ಎಂಬುದನ್ನು ರಾಜ್ಯದ ಇತ್ತೀಚಿನ ಮೂರು ಹೋರಾಟಗಳು ತಿಳಿಸುತ್ತವೆ.

2016ರ ಏಪ್ರಿಲ್ 18ರಂದು ಬೆಂಗಳೂರಿನ ಹೊಸೂರು ರಸ್ತೆಗೆ ಗಾರ್ಮೆಂಟ್ಸ್ ಕಾರ್ಮಿಕರು ಇದ್ದಕ್ಕಿದ್ದಂತೆ ಇಳಿದರು. ಕೇಂದ್ರ ಸರ್ಕಾರ ಅದೇ ವರ್ಷದ ಫೆಬ್ರುವರಿ 10ರಂದು ಹೊರಡಿಸಿದ್ದ ಅಧಿಸೂಚನೆಯೇ ಇದಕ್ಕೆ ಕಾರಣ. ಅದರಂತೆ ಕೆಲಸ ಬಿಟ್ಟವರು ಭವಿಷ್ಯನಿಧಿಯಲ್ಲಿನ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ಪಡೆಯುವಂತಿರಲಿಲ್ಲ. ಮೇಲ್ನೋಟಕ್ಕೆ ಇದು ವೃದ್ಧಾಪ್ಯದ ಭದ್ರತೆಗೆಂದು ಮಾಡಿದ ನಿಯಮ. ಆದರೆ ಹೊಲಿಗೆ ಯಂತ್ರದ ಮುಂದೆ ಗಂಟೆಗೊಂದು ಟಾರ್ಗೆಟ್ ಮುಟ್ಟಿಸುತ್ತ 58ರವರೆಗೆ ದುಡಿಯುವ ಹೆಂಗಸು ಅಪರೂಪ. ಬಹಳಷ್ಟು ಮಂದಿಗೆ ಪಿಎಫ್ ಹಣವೆಂದರೆ ಮಗಳ ಮದುವೆ, ಮಗನ ಶುಲ್ಕ, ಕೈಸಾಲದ ತೀರುವಳಿ.

ಯಾವ ಸಂಘವೂ ಕರೆ ಕೊಡದೆಯೇ ಸಾವಿರಾರು ಹೆಂಗಸರು ಬೊಮ್ಮನಹಳ್ಳಿಯಿಂದ ಪೀಣ್ಯದವರೆಗೆ ರಸ್ತೆ ತಡೆದರು. ಮರುದಿನ ಹೆಬ್ಬಗೋಡಿ, ಜಾಲಹಳ್ಳಿ ಕ್ರಾಸ್ ಮುಂತಾದೆಡೆ ಹಿಂಸಾಚಾರ ನಡೆಯಿತು. ವಾಹನಗಳಿಗೆ ಬೆಂಕಿ ಬಿತ್ತು, ಲಾಠಿ ಬೀಸಲಾಯಿತು, ಅನೇಕರು ಬಂಧಿತರಾದರು. ಅಂದೇ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅಧಿಸೂಚನೆಯನ್ನು ಹಿಂದಕ್ಕೆ ಪಡೆದುದಾಗಿ ಪ್ರಕಟಿಸಿದರು. ಇಡೀ ದೇಶದ ಕಾರ್ಮಿಕರಿಗೆ ಅನ್ವಯಿಸುವ ನಿಯಮವೊಂದನ್ನು ಬೆಂಗಳೂರಿನ ಹೆಂಗಸರು ಎರಡು ದಿನಗಳಲ್ಲಿ ರದ್ದು ಮಾಡಿಸಿದ್ದರು. ಆದರೆ ಮಾತುಕತೆಗೆ ಕೂರುವವರಿರಲಿಲ್ಲ, ಲಿಖಿತ ಬೇಡಿಕೆಪಟ್ಟಿ ಇರಲಿಲ್ಲ. ಕಡಿಮೆ ಕೂಲಿ, ಟಾರ್ಗೆಟ್ಟಿನ ಒತ್ತಡ, ಬೈಗುಳ, ಶೌಚಾಲಯಕ್ಕೆ ಹೋಗಲೂ ಲೆಕ್ಕ ಕೊಡಬೇಕಾದ ಸ್ಥಿತಿ ಇವು ಯಾವುವೂ ಚರ್ಚೆಗೆ ಬರದೆ ಹೋದವು.

ಇದಕ್ಕೆ ಹೋಲಿಸಿದರೆ ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರದ್ದು ಸುಸಂಘಟಿತ ಹೋರಾಟ. 2017ರ ಮಾರ್ಚಿನಲ್ಲಿ ರಾಜ್ಯದ ಮೂಲೆಮೂಲೆಗಳಿಂದ ಬಂದ ಅಂಗನವಾಡಿ ನೌಕರರು ನಾಲ್ಕು ದಿನ ಹಗಲಿರುಳು ಬೆಂಗಳೂರಿನ ರಸ್ತೆಯಲ್ಲೇ ಕುಳಿತರು. ಬಳಿಕ ನಡೆದ ಮಾತುಕತೆಯಿಂದ ಗೌರವಧನ ಹೆಚ್ಚಿತು. 2025ರ ಜನವರಿ 7ರಿಂದ 10ರವರೆಗೆ ಆಶಾ ಕಾರ್ಯಕರ್ತೆಯರು ಸ್ವಾತಂತ್ರ್ಯ ಉದ್ಯಾನದಲ್ಲಿ ಅಹೋರಾತ್ರಿ ಧರಣಿ ನಡೆಸಿ, ತಿಂಗಳಿಗೆ ಕನಿಷ್ಠ 10 ಸಾವಿರ ರೂಪಾಯಿಯ ಭರವಸೆ ಪಡೆದರು. ಭರವಸೆ ಈಡೇರಲಿಲ್ಲವೆಂದು ಅದೇ ವರ್ಷ ಆಗಸ್ಟ್‌ನಲ್ಲಿ ಮತ್ತೆ ಧರಣಿ ಕುಳಿತರು.

ಇಲ್ಲಿ 'ಗೌರವಧನ' ಎಂಬ ಪದವನ್ನು ಗಮನಿಸಬೇಕು. ಅಂಗನವಾಡಿಯನ್ನು ಒಳಗೊಂಡ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಅಂದಿನಿಂದಲೂ ಈ ಕೆಲಸವನ್ನು ಸ್ವಯಂಸೇವೆ ಎಂದೇ ಕಾಣಲಾಗಿದೆ. ಅಂಗನವಾಡಿ ಕಾರ್ಯಕರ್ತೆಯರ ಹುದ್ದೆ ಸರ್ಕಾರಿ ಹುದ್ದೆಯಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ತೀರ್ಪಿತ್ತದ್ದು ಕರ್ನಾಟಕದ್ದೇ ಪ್ರಕರಣದಲ್ಲಿ. 2022ರ ಏಪ್ರಿಲ್‌ನಲ್ಲಿ ಅದೇ ನ್ಯಾಯಾಲಯ ಗುಜರಾತಿನ ಪ್ರಕರಣವೊಂದರಲ್ಲಿ ಅವರು ಗ್ರಾಚ್ಯುಟಿಗೆ ಅರ್ಹರು ಎಂದಿತು. ಮಗುವಿಗೆ ಉಣಿಸುವುದು, ಬಾಣಂತಿಯ ಆರೈಕೆ ಹೆಣ್ಣಿನ ಸಹಜ ಧರ್ಮ, ಅದಕ್ಕೆ ಸಂಬಳವೇಕೆ ಎಂಬ ಮನೆಯೊಳಗಿನ ಎಣಿಕೆಯೇ ಸರ್ಕಾರದ ಕಡತಕ್ಕೂ ಇಳಿದಿದೆ. ಕಾರ್ಮಿಕ ಸಂಘ ಗೌರವಧನದ ಮೊತ್ತವನ್ನು ಏರಿಸಬಲ್ಲದು. ಆ ಎಣಿಕೆಯನ್ನು ಪ್ರಶ್ನಿಸಲು ಮಹಿಳಾ ಚಳವಳಿಯ ವಿಚಾರವೂ ಬೇಕು. ಆದುದರಿಂದಲೇ ಮಾರ್ಚ್ 8ರ ಬೇಡಿಕೆಪಟ್ಟಿಯಲ್ಲಿ 'ನಾವೂ ಕಾರ್ಮಿಕರು' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ.

ಮೂರನೆಯದು 2019ರ ಮದ್ಯನಿಷೇಧದ ಪಾದಯಾತ್ರೆ. ಆ ವರ್ಷದ ಜನವರಿ 19ರಂದು ಚಿತ್ರದುರ್ಗದಿಂದ ಹೊರಟ ಸಾವಿರಾರು ಗ್ರಾಮೀಣ ಮಹಿಳೆಯರು ಸುಮಾರು 200 ಕಿಲೋಮೀಟರು ನಡೆದು, ಗಾಂಧೀಜಿ ಹುತಾತ್ಮರಾದ ಜನವರಿ 30ರಂದು ಬೆಂಗಳೂರು ತಲುಪಿದರು. ದಾರಿಯಲ್ಲಿ ಪಾದಯಾತ್ರಿಯೊಬ್ಬರು ಅಪಘಾತದಲ್ಲಿ ಜೀವ ತೆತ್ತರು. ಕುಡಿತದಿಂದ ಮನೆಯಲ್ಲಿ ಹೊಡೆತ, ಕೂಲಿ ಹಣದ ಸೋರಿಕೆ, ಹಳ್ಳಿಹಳ್ಳಿಯಲ್ಲಿ ಅಕ್ರಮ ಮದ್ಯದಂಗಡಿ ಇವು ಅವರ ಅಳಲು. ರಾಜ್ಯದಲ್ಲಿ ಸಾರಾಯಿ ಮಾರಾಟ 2007ರ ಜುಲೈ 1ರಿಂದಲೇ ನಿಷೇಧವಾಗಿದ್ದರೂ ಅದರ ಜಾಗವನ್ನು ಇತರ ಮದ್ಯ ತುಂಬಿತ್ತು. ಸಮುದಾಯದ ಬಲದಿಂದ ಎದ್ದು ಬಂದ ಈ ನಡಿಗೆಗೆ ನೈತಿಕ ಶಕ್ತಿ ಅಪಾರವಾಗಿತ್ತು. ಆದರೆ ಅಬಕಾರಿ ಆದಾಯ ರಾಜ್ಯದ ಬೊಕ್ಕಸದ ದೊಡ್ಡ ಆಧಾರಗಳಲ್ಲೊಂದು. ನಗರದ ಕಾರ್ಮಿಕ ವರ್ಗವಾಗಲಿ ಮಧ್ಯಮ ವರ್ಗವಾಗಲಿ ಈ ಬೇಡಿಕೆಯನ್ನು ತಮ್ಮದೆಂದುಕೊಳ್ಳಲಿಲ್ಲ. ಸಂಪೂರ್ಣ ನಿಷೇಧದ ಬೇಡಿಕೆ ಈಡೇರಲಿಲ್ಲ.

ಒಗ್ಗೂಡುವುದು ಸುಲಭವೇನಲ್ಲ

ಮೂರೂ ಬಗೆಯ ಸಂಘಟನೆಗಳು ಸೇರಬೇಕೆಂದು ಹೇಳುವುದು ಸುಲಭ. ಸೇರಿ ಬಾಳುವುದು ಕಷ್ಟ. ಸದಸ್ಯರಲ್ಲಿ ಹೆಂಗಸರೇ ಹೆಚ್ಚಿರುವ ಉದ್ಯಮಗಳಲ್ಲಿಯೂ ಕಾರ್ಮಿಕ ಸಂಘಗಳ ವೇದಿಕೆಯ ಮೇಲೆ ಕುರ್ಚಿ ಹಿಡಿಯುವವರು ಗಂಡಸರೇ ಎಂಬ ದೂರು ಹಳೆಯದು. ಕೇರಳದ ಮುನ್ನಾರ್ ಚಹಾ ತೋಟಗಳ ಮಹಿಳೆಯರು 2015ರ ಸೆಪ್ಟೆಂಬರಿನಲ್ಲಿ ಈ ದೂರನ್ನು ಬೀದಿಯಲ್ಲೇ ಇತ್ಯರ್ಥ ಮಾಡಿದರು. ಬೋನಸ್ ಶೇ. 20ರಿಂದ ಶೇ. 10ಕ್ಕೆ ಇಳಿದಾಗ 'ಪೆಂಬಿಳೈ ಒರುಮೈ' ಎಂಬ ಹೆಸರಿನಲ್ಲಿ ಒಗ್ಗೂಡಿದ ಅವರು ಸ್ಥಾಪಿತ ಸಂಘಗಳ ಮುಖಂಡರನ್ನು ಧರಣಿಯ ಹತ್ತಿರವೂ ಬಿಟ್ಟುಕೊಳ್ಳಲಿಲ್ಲ. ಒಂಬತ್ತು ದಿನಗಳ ನಂತರ ಬೇಡಿಕೆ ಗೆದ್ದರು. ಬೆಂಗಳೂರಿನ ಗಾರ್ಮೆಂಟ್ಸ್ ವಲಯದಲ್ಲಿ ಮಹಿಳೆಯರೇ ಮುನ್ನಡೆಸುವ ಸಂಘಗಳು ಹುಟ್ಟಿಕೊಂಡದ್ದರ ಹಿಂದೆಯೂ ಇದೇ ಅತೃಪ್ತಿಯಿದೆ.

ವಿಚಾರದಲ್ಲಿಯೂ ಭಿನ್ನಾಭಿಪ್ರಾಯಗಳುಂಟು. ರಾತ್ರಿ ಪಾಳಿ ಅದಕ್ಕೊಂದು ಉದಾಹರಣೆ. ಕಾರ್ಖಾನೆಗಳಲ್ಲಿ ಮಹಿಳೆಯರ ರಾತ್ರಿ ದುಡಿಮೆಗೆ ದೀರ್ಘಕಾಲ ಇದ್ದ ನಿರ್ಬಂಧ ಅವರ ಉದ್ಯೋಗಾವಕಾಶಕ್ಕೆ ಅಡ್ಡಿ ಎಂಬುದು ಒಂದು ವಾದ. ಸಾರಿಗೆ, ಭದ್ರತೆ, ಶಿಶುಪಾಲನಾ ಕೇಂದ್ರಗಳಿಲ್ಲದೆ ಅನುಮತಿ ಕೊಡುವುದು ಹೆಂಗಸರನ್ನು ಅಪಾಯಕ್ಕೆ ದೂಡಿದಂತೆ ಎಂಬುದು ಇನ್ನೊಂದು. 2023ರಲ್ಲಿ ಕರ್ನಾಟಕ ವಿಧಾನಮಂಡಲ ರಾತ್ರಿ ಪಾಳಿಯ ಅನುಮತಿಯನ್ನೂ ದಿನಕ್ಕೆ 12 ಗಂಟೆಯವರೆಗಿನ ದುಡಿಮೆಯ ಅವಕಾಶವನ್ನೂ ಒಂದೇ ತಿದ್ದುಪಡಿಯಲ್ಲಿ ಅಂಗೀಕರಿಸಿದಾಗ ಈ ಚರ್ಚೆ ಬಿಸಿಯೇರಿತು. 2025ರ ನವೆಂಬರ್ 21ರಂದು ದೇಶದಾದ್ಯಂತ ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು ಮಹಿಳೆಯ ಒಪ್ಪಿಗೆ ಪಡೆದು ರಾತ್ರಿ ದುಡಿಸಲು ಅವಕಾಶ ನೀಡಿವೆ. ಆದರೆ ಕೆಲಸ ಕಳೆದುಕೊಳ್ಳುವ ಭಯದಲ್ಲಿ ಕೊಟ್ಟ ಒಪ್ಪಿಗೆ ಎಷ್ಟರಮಟ್ಟಿಗೆ ಒಪ್ಪಿಗೆ? ಈ ಪ್ರಶ್ನೆಯನ್ನು ಸ್ವಾತಂತ್ರ್ಯದ ಭಾಷೆಯೊಂದರಲ್ಲೇ ಆಗಲಿ, ಕೂಲಿಯ ಭಾಷೆಯೊಂದರಲ್ಲೇ ಆಗಲಿ ಬಗೆಹರಿಸಲಾಗದು.

ಇಂಥ ಬಿರುಕುಗಳನ್ನು ದಾಟಿದ ಅಪರೂಪದ ನಿದರ್ಶನ ಐಸ್‌ಲ್ಯಾಂಡಿನದು. 1975ರ ಅಕ್ಟೋಬರ್ 24ರಂದು ಆ ಪುಟ್ಟ ದೇಶದ ಸುಮಾರು ಶೇ. 90ರಷ್ಟು ಮಹಿಳೆಯರು ಕಚೇರಿ, ಕಾರ್ಖಾನೆ, ಮನೆ ಮೂರರ ಕೆಲಸವನ್ನೂ ಒಂದು ದಿನ ನಿಲ್ಲಿಸಿದರು. ಮೊದಲು 'ಮುಷ್ಕರ' ಎಂಬ ಪದವನ್ನು ಬಳಸುವ ಆಲೋಚನೆಯಿತ್ತು. ಆ ಪದಕ್ಕೆ ಕೆಲವರು ಹಿಂಜರಿದದ್ದರಿಂದ 'ಮಹಿಳೆಯರ ರಜಾದಿನ' ಎಂದು ಕರೆಯಲಾಯಿತು. ಆಗ ಸಂಪ್ರದಾಯಸ್ಥ ಗೃಹಿಣಿಯರೂ ಕಾರ್ಮಿಕ ಸಂಘದವರೂ ಒಂದೇ ಚೌಕದಲ್ಲಿ ನಿಂತರು. ಮರುವರ್ಷ ಲಿಂಗ ಸಮಾನತೆಯ ಕಾನೂನು ಬಂತು. 1980ರಲ್ಲಿ ವಿಗ್ದಿಸ್ ಫಿನ್‌ಬೊಗದೊತ್ತಿರ್ ಆ ದೇಶದ ಅಧ್ಯಕ್ಷೆಯಾಗಿ ಚುನಾಯಿತರಾದರು.

ಮೆರವಣಿಗೆಗೆ ಹೋಗುವವರು ತಿಳಿದಿರಬೇಕಾದದ್ದು

ಆಯುಧವಿಲ್ಲದೆ ಶಾಂತಿಯುತವಾಗಿ ಸಭೆ ಸೇರುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. ಸಾರ್ವಜನಿಕ ಸುವ್ಯವಸ್ಥೆಯ ದೃಷ್ಟಿಯಿಂದ ಅದಕ್ಕೆ ಸಮಂಜಸ ನಿರ್ಬಂಧ ಹೇರಲು ಸರ್ಕಾರಕ್ಕೆ ಅಧಿಕಾರವಿದೆ. ಬೆಂಗಳೂರಿನಲ್ಲಿ ಪುರಭವನದ ಮೆಟ್ಟಿಲು, ಮೈಸೂರು ಬ್ಯಾಂಕ್ ವೃತ್ತ, ಬನ್ನಪ್ಪ ಪಾರ್ಕ್ ಪ್ರತಿಭಟನೆಯ ಪರಿಚಿತ ತಾಣಗಳಾಗಿದ್ದವು. 2021ರ ಪೊಲೀಸ್ ಆದೇಶದ ಬಳಿಕ ಪ್ರತಿಭಟನೆಗಳನ್ನು ಸ್ವಾತಂತ್ರ್ಯ ಉದ್ಯಾನಕ್ಕೆ ಸೀಮಿತಗೊಳಿಸಲಾಯಿತು. ಜನ ನೋಡದ ಜಾಗದಲ್ಲಿ ಜನರ ದನಿಯನ್ನು ಕೂಡಿಹಾಕಿದಂತಾಯಿತು ಎಂಬುದು ಸಂಘಟನೆಗಳ ಆಕ್ಷೇಪ. ಸಂಚಾರ ಸುಗಮವಾಗಬೇಕು ಎಂಬುದು ಪೊಲೀಸರ ಸಮರ್ಥನೆ.

ಸ್ವಾತಂತ್ರ್ಯ ಉದ್ಯಾನ ಹಿಂದೆ ಕೇಂದ್ರ ಕಾರಾಗೃಹವಾಗಿತ್ತು ಎಂಬುದು ಇಲ್ಲಿ ನೆನೆಯಬೇಕಾದ ಸಂಗತಿ. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿ ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ ಮೇ ತಿಂಗಳಿನಿಂದ, ಆಸ್ತಮಾದಿಂದ ನರಳುತ್ತ ಎಂಟು ತಿಂಗಳು ಇದ್ದದ್ದು ಈ ಗೋಡೆಗಳ ನಡುವೆಯೇ. ಪೆರೋಲ್ ಮೇಲೆ ಹೊರಬಂದ ಐದೇ ದಿನಗಳಲ್ಲಿ, 1977ರ ಜನವರಿ 20ರಂದು ಅವರು ತೀರಿಕೊಂಡರು. ಅದೇ ನೆಲದಲ್ಲಿ ಇಂದು ಹೆಂಗಸರು ಮೈಕು ಹಿಡಿದು ನಿಲ್ಲುತ್ತಾರೆ.

ಇನ್ನು ಬೆಂಗಳೂರೇ ಎಲ್ಲವೂ ಅಲ್ಲ. 2012ರ ದೆಹಲಿ ಅತ್ಯಾಚಾರ ಪ್ರಕರಣದ ನಂತರ ರಾಜ್ಯದ ಅನೇಕ ಸಂಘಟನೆಗಳು ಸೇರಿ ಕಟ್ಟಿದ ಮಹಿಳಾ ದೌರ್ಜನ್ಯ ವಿರೋಧಿ ಒಕ್ಕೂಟ ಮಾರ್ಚ್ 8ರ ಸಮಾವೇಶವನ್ನು ಬೇರೆ ಬೇರೆ ಜಿಲ್ಲೆಗಳಿಗೆ ಕೊಂಡೊಯ್ಯುತ್ತ ಬಂದಿದೆ. ಜಿಲ್ಲೆ ಬದಲಾದಂತೆ ಬೇಡಿಕೆಯ ಬಣ್ಣವೂ ಬದಲಾಗುತ್ತದೆ. ಒಂದೆಡೆ ಬೀಡಿ ಕಟ್ಟುವವರ ಕೂಲಿ, ಇನ್ನೊಂದೆಡೆ ದೇವದಾಸಿ ತಾಯಂದಿರ ಪಿಂಚಣಿ, ಮತ್ತೊಂದೆಡೆ ಹುಡುಗಿಯರ ಓಡಾಟದ ಸ್ವಾತಂತ್ರ್ಯ.

ಮೊದಲ ಬಾರಿಗೆ ಭಾಗವಹಿಸುವವರು ಆ ದಿನ ಹಂಚುವ ಕರಪತ್ರವನ್ನು ಓದುವುದು ಒಳಿತು. ಯಾವ ಇಲಾಖೆಗೆ ಯಾವ ಬೇಡಿಕೆ, ಹಿಂದಿನ ವರ್ಷದ ಬೇಡಿಕೆಗಳಲ್ಲಿ ಯಾವುದು ಈಡೇರಿದೆ ಎಂಬ ಲೆಕ್ಕ ಅಲ್ಲಿರುತ್ತದೆ, ಇಲ್ಲದಿದ್ದರೆ ಕೇಳಬೇಕು. ಪಾಲ್ಗೊಂಡವರ ಚಿತ್ರ ತೆಗೆದು ಹಂಚುವ ಮುನ್ನ ಅನುಮತಿ ಪಡೆಯುವುದು ಅಗತ್ಯ. ರಜೆ ಹಾಕದೆ ಬಂದ ಗಾರ್ಮೆಂಟ್ಸ್ ಕಾರ್ಮಿಕಳಿಗೆ, ಮನೆಯಲ್ಲಿ ಹೇಳದೆ ಬಂದ ಯುವತಿಗೆ ಒಂದು ಚಿತ್ರವೇ ಸಂಕಟ ತಂದೀತು. ಮನವಿ ಸ್ವೀಕರಿಸಲು ಅಧಿಕಾರಿ ಅಥವಾ ಸಚಿವರು ಬರುವುದು ಸಾಮಾನ್ಯವಾಗಿ ಕೊನೆಯಲ್ಲಿ. ಅಲ್ಲಿಯವರೆಗೆ ನಿಂತವರ ಸಂಖ್ಯೆಯೇ ಮನವಿಯ ತೂಕ.

ಮೆರವಣಿಗೆಯ ಮರುದಿನ

ಪಟ್ಟು ಹಿಡಿದವರಿಗೆ ಫಲವೇ ಇಲ್ಲವೆಂದಲ್ಲ. ಗುತ್ತಿಗೆ ಪದ್ಧತಿಯ ವಿರುದ್ಧ ವರ್ಷಗಟ್ಟಲೆ ಹೋರಾಡಿದ ಬೆಂಗಳೂರಿನ ಪೌರಕಾರ್ಮಿಕರು, ಅವರಲ್ಲಿಯೂ ಹೆಚ್ಚಿನವರು ದಲಿತ ಮಹಿಳೆಯರು, 2022ರ ಜುಲೈನಲ್ಲಿ ಕಸಪೊರಕೆ ಕೆಳಗಿಟ್ಟು ಮುಷ್ಕರ ನಡೆಸಿದರು. 2025ರ ಮೇ 1ರ ಕಾರ್ಮಿಕ ದಿನದಂದು ಆಗಿನ ಬಿಬಿಎಂಪಿಯ 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಪತ್ರ ದೊರೆಯಿತು. ಜಾತಿ, ಲಿಂಗ, ಕೂಲಿ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದ ಹೋರಾಟ ಅದು.

ಆದರೆ ಒಂದು ಕೆಲಸದ ಜಾಗಕ್ಕೆ ಮೆರವಣಿಗೆ ಇನ್ನೂ ತಲುಪಿಲ್ಲ. ಅದು ನಗರದ ಮನೆಗಳ ಅಡುಗೆಮನೆ. ಮನೆಗೆಲಸದವರಿಗೆ ಕನಿಷ್ಠ ವೇತನ ನಿಗದಿಪಡಿಸಿ ಕರ್ನಾಟಕ ಸರ್ಕಾರ ಅಧಿಸೂಚನೆ ಹೊರಡಿಸಿದ್ದು 2004ರಲ್ಲಿ. ಅವರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣದ ಮಸೂದೆಯ ಕರಡು ಪ್ರಕಟವಾದದ್ದು 2025ರಲ್ಲಿ. ನಡುವಿನ ಎರಡು ದಶಕಗಳಲ್ಲಿ ಕಾರ್ಮಿಕ ನಿರೀಕ್ಷಕರು ಕಾರ್ಖಾನೆಯ ಬಾಗಿಲು ತಟ್ಟಿದಂತೆ ಮನೆಯ ಬಾಗಿಲು ತಟ್ಟಲಿಲ್ಲ. ಅಲ್ಲಿ ಹಾಜರಿ ಪುಸ್ತಕವಿಲ್ಲ, ವಾರದ ರಜೆ ಮಾಲೀಕರ ಮನಸ್ಸಿಗೆ ಬಿಟ್ಟದ್ದು, ಹಬ್ಬದ ಬೋನಸ್ಸು ಹಳೆಯ ಸೀರೆಯ ರೂಪದಲ್ಲಿ ಬರುವುದೂ ಉಂಟು.

ಮಹಿಳಾ ದಿನದ ಮೆರವಣಿಗೆಗೆ ಸೇರುವ ನಗರದ ವಿದ್ಯಾವಂತರಲ್ಲಿ ಅನೇಕರು ಇಂಥ ಮನೆಗಳ ಮಾಲೀಕರು. ಬೀದಿಯಲ್ಲಿ ಅವರು ಕಾರ್ಮಿಕರ ಪಕ್ಕದಲ್ಲಿ ನಡೆಯುತ್ತಾರೆ. ಮನೆಯಲ್ಲಿ ಕಾರ್ಮಿಕಳ ಎದುರು ಬದಿಯಲ್ಲಿದ್ದಾರೆ. ಅವರು ಘೋಷಣೆ ಕೂಗುವ ಹೊತ್ತಿಗೆ ಮನೆಯಲ್ಲಿ ಪಾತ್ರೆ ತೊಳೆಯುತ್ತಿರುವಾಕೆಗೆ ಅಂದು ಸಂಬಳಸಹಿತ ರಜೆ ಇದೆಯೇ, ತಿಂಗಳ ಸಂಬಳ ಸರ್ಕಾರ ಗೊತ್ತುಪಡಿಸಿದ ದರಕ್ಕೆ ಸರಿಹೊಂದುತ್ತದೆಯೇ ಎಂಬುದನ್ನು ಯಾವ ನಿರೀಕ್ಷಕರೂ ಬಂದು ನೋಡುವುದಿಲ್ಲ. ಆ ಲೆಕ್ಕವನ್ನು ಮನೆಯವರೇ ನೋಡಿಕೊಳ್ಳಬೇಕು.